ಒಂದೇ ಪರೀಕ್ಷೆ, ಎಷ್ಟು ಬರೀಬೇಕು?

ತಂಗಿ ಮದುವೆ ಊಟಕ್ಕೆ ಎಷ್ಟು ಬಗೆ ಸ್ವೀಟು ಅನ್ನೋದನ್ನು ನಮ್ಮ ಮನೆಯಲ್ಲಿ ಹತ್ತು ನಿಮಿಷದಲ್ಲಿ ತೀರ್ಮಾನಿಸಿದ್ದೆವು. 2025ರ ಮಾರ್ಚಿನಲ್ಲಿ ಮಗಳು ಸಿಯುಇಟಿಗೆ ಎಷ್ಟು ಸಬ್ಜೆಕ್ಟ್ ಬರೀಬೇಕು ಅನ್ನೋದಕ್ಕೆ ಮೂರು ರಾತ್ರಿ ಹಿಡಿಯಿತು.

ಸಿಯುಇಟಿ ಅಂದರೆ ಡಿಗ್ರಿ ಸೀಟಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳು ನೋಡುವ ಪರೀಕ್ಷೆ. ನಮ್ಮ ಕಲಬುರಗಿ ಪಕ್ಕದ ಕಡಗಂಚಿಯಿಂದ ಹಿಡಿದು ದೆಹಲಿ ತನಕ ಇದೇ. 2021ರಲ್ಲಿ ದೆಹಲಿಯ ಕೆಲವು ಕಾಲೇಜುಗಳಲ್ಲಿ ಕಟಾಫ್ ನೂರಕ್ಕೆ ನೂರು ಮುಟ್ಟಿತ್ತು. ಮರುವರ್ಷ ಈ ಪರೀಕ್ಷೆ ಬಂತು. ಹತ್ತಾರು ಕಡೆ ಅಲೆಯೋದು ಬೇಡ, ದೇಶಕ್ಕೆಲ್ಲ ಒಂದೇ ಪರೀಕ್ಷೆ ಅಂದರು. ಒಂದೇ. ಆ ಒಂದರೊಳಗೆ ಒಂಬತ್ತು ಸಬ್ಜೆಕ್ಟ್ ಬರೀಬಹುದಿತ್ತು, ಅಷ್ಟೇ. 2023ರಲ್ಲಿ ಹತ್ತು ಆಯಿತು. 2024ರಲ್ಲಿ ಆರು. 2025ರಲ್ಲಿ ಐದು. ಟೊಮೆಟೊ ರೇಟು ಕೂಡ ಇದಕ್ಕಿಂತ ಸ್ವಲ್ಪ ಸಮಾಧಾನದಲ್ಲಿ ಏರಿಳಿಯುತ್ತದೆ.

ಮೊದಲ ವರ್ಷ ಮಕ್ಕಳು ಆರಿಸಿಕೊಂಡ ಸಬ್ಜೆಕ್ಟ್ ಜೋಡಣೆಗಳೇ 54 ಸಾವಿರಕ್ಕಿಂತ ಜಾಸ್ತಿ. '99 ಬಗೆ ದೋಸೆ' ಅಂತ ಬೋರ್ಡ್ ಹಾಕಿದ ಗಾಡಿಯವನು ಇದನ್ನು ಕೇಳಿದರೆ ಕಾವಲಿ ತೊಳೆದಿಟ್ಟು ಮನೆಗೆ ಹೋಗಬೇಕು.

ಅಮೆರಿಕದಲ್ಲೂ ಕಾಲೇಜು ಸೀಟಿಗೆ ಸ್ಯಾಟ್ ಸಬ್ಜೆಕ್ಟ್ ಟೆಸ್ಟ್ ಅಂತ ಒಂದಿತ್ತು. ಎರಡು ಸಾಕಾ, ಮೂರು ಬೇಕಾ ಅಂತ ಅಲ್ಲಿನ ಅಪ್ಪ ಅಮ್ಮಂದಿರೂ ತಲೆ ಕೆಡಿಸಿಕೊಳ್ಳುತ್ತಿದ್ದರು. ಮಕ್ಕಳ ಹೊರೆ ಇಳಿಸುತ್ತೇವೆ ಅಂತ 2021ರ ಜನವರಿಯಲ್ಲಿ ಅದನ್ನು ನಡೆಸುತ್ತಿದ್ದ ಕಾಲೇಜ್ ಬೋರ್ಡೇ ನಿಲ್ಲಿಸಿತು. ಇಳಿಸಿದ ಹೊರೆ ಎಲ್ಲಿಗಾದರೂ ಹೋಗಬೇಕಲ್ವಾ? 2022ಕ್ಕೆ ಇಲ್ಲಿ ಬಂದು ಇಳಿಯಿತು.

ಮೊದಲ ರಾತ್ರಿ ಮಾತಾಡಿದ್ದು ನಮ್ಮ ಭಾವ. "ಐದು ಕೊಟ್ಟಿದ್ದಾರೆ ಅಂದ್ಮೇಲೆ ಐದೂ ಬರೀಬೇಕು. ಬಿಡೋದ್ಯಾಕೆ?" ಬಫೆ ಊಟದಲ್ಲೂ ಅವರ ತತ್ವ ಇದೇ. ಆದರೆ ಫೀಸು ನೋಡಿ ಅವರೇ ತಣ್ಣಗಾದರು. ಜನರಲ್ ಕೆಟಗರಿಗೆ ಮೂರು ಸಬ್ಜೆಕ್ಟಿನ ತನಕ 1000 ರೂಪಾಯಿ. ಆಮೇಲಿನ ಒಂದೊಂದಕ್ಕೂ 400. ಅಂದರೆ ಮೊದಲ ಮೂರು ತಲಾ 333, ನಾಲ್ಕನೆಯದು 400. ಜಾಸ್ತಿ ತಗೊಂಡಷ್ಟೂ ರೇಟು ಏರುವ ಅಂಗಡಿಯನ್ನು ಭಾವ ತಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ.

ಮಗಳು ಓದಿದ್ದು ಪಿಸಿಎಂಬಿ. ಲೆಕ್ಕ ಅಲ್ಲಿಗೇ ಮುಗಿಯಬೇಕಿತ್ತು. ಆದರೆ 2025ರಿಂದ ಹೊಸ ನಿಯಮ: ಪಿಯುಸಿಯಲ್ಲಿ ಏನೇ ಓದಿರಲಿ, ಯಾವ ಸಬ್ಜೆಕ್ಟನ್ನಾದರೂ ಬರೀಬಹುದು. ಎರಡನೇ ರಾತ್ರಿ ಇಡೀ ಇದಕ್ಕೇ ಹೋಯಿತು. "ಹೋಮ್ ಸೈನ್ಸ್ ಹಾಕಿ, ಅಡುಗೆ ಬರುತ್ತಲ್ಲ" ಅಂದರು ಚಿಕ್ಕಮ್ಮ. ಮಗಳಿಗೆ ಬರುವುದು ಮ್ಯಾಗಿ ಮಾತ್ರ. "ಜನರಲ್ ಟೆಸ್ಟ್ ಹಾಕಿ. ಜನರಲ್ ಅಂದ್ರೆ ಎಲ್ಲಾನೂ ಬಂತು" ಅಂದರು ಭಾವ. ತಪ್ಪು ಉತ್ತರಕ್ಕೆ ಒಂದೊಂದು ಮಾರ್ಕು ಕಳೀತಾರೆ ಅಂತ ನಾನು ನೆನಪಿಸಿದೆ. "ಬರೆದ್ರೆ ತಾನೇ ಕಳೆಯೋದು? ಸುಮ್ನೆ ಹೋಗಿ ಕೂತು ಬರಲಿ" ಅಂದರು. 400 ರೂಪಾಯಿ ಕೊಟ್ಟು 60 ನಿಮಿಷ ಸುಮ್ನೆ ಕೂರೋದು. ಅಷ್ಟಕ್ಕೆ ಮಲ್ಟಿಪ್ಲೆಕ್ಸಿನಲ್ಲಿ ಏಸಿಯಾದರೂ ಸಿಗುತ್ತದೆ.

ಭಾಷೆಯ ವಿಷಯಕ್ಕೆ ಬಂದಾಗ, 13 ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ ಅಂತ ತಿಳಿದು ಅಜ್ಜಿ ಹಿಗ್ಗಿದರು. "ಕನ್ನಡಾನೇ ಹಾಕಿ" ಅಂದರು. ಇಡೀ ಮನೆ ಒಕ್ಕೊರಲಿನಿಂದ ವಿರೋಧಿಸಿತು. ಅಚ್ಚ ಕನ್ನಡದಲ್ಲಿ.

ಇಷ್ಟೆಲ್ಲ ಯಾವುದಕ್ಕೆ ಅಂದರೆ, ಸೇಫ್ಟಿಗೆ. ಸಿಇಟಿ ಇದೆ, ನೀಟ್ ಇದೆ, ಕಾಮೆಡ್‌ಕೆ ಇದೆ. ಜೆಇಇ ಜನವರಿಯಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಇನ್ನೊಮ್ಮೆ. ಪಿಯು ಪರೀಕ್ಷೆಗೇ ಆ ವರ್ಷ ಒಂದು, ಎರಡು, ಮೂರು ಅಂತ ನಂಬರು ಇತ್ತು. ಇದೆಲ್ಲದರ ಪಕ್ಕದಲ್ಲಿ ಸಿಯುಇಟಿಯೂ ಒಂದಿರಲಿ ಅಂತ. ಎಲ್‌ಐಸಿ ಪಾಲಿಸಿ ಇದ್ದವರೂ ತಿರುಪತಿಗೆ ಮುಡಿ ಹರಕೆ ಹೊತ್ತುಕೊಳ್ಳೋದಿಲ್ವಾ?

ಮೂರನೇ ರಾತ್ರಿ ಹನ್ನೊಂದೂವರೆಗೆ ತೀರ್ಪು ಬಂತು. ಐದು. 1800 ರೂಪಾಯಿ.

ಬೆಳಿಗ್ಗೆ ನಾನೂ ಭಾವನೂ ಸೈಬರ್ ಸೆಂಟರಿಗೆ ಹೋದೆವು. ಮಗಳು ಬರಲಿಲ್ಲ, ಮರುದಿನ ಕೆಮಿಸ್ಟ್ರಿ ಪೇಪರ್ ಇತ್ತು. ಹುಡುಗ ಫಾರ್ಮ್ ತೆರೆದು ಕೇಳಿದ: "ಯಾವ ಕೋರ್ಸಿಗೆ ಸಾರ್?"

ನಾನು ಭಾವನ ಮುಖ ನೋಡಿದೆ. ಭಾವ ಫ್ಯಾನ್ ನೋಡಿದರು.

"ಅವಳನ್ನೇ ಕೇಳಿಬಿಡಿ" ಅಂದ ಹುಡುಗ. "ಹೇಗೂ ಓಟಿಪಿ ಅವಳ ಫೋನಿಗೇ ಹೋಗಿದೆ."

ಓದಲಿ ಅಂತ ಆ ಫೋನನ್ನು ನಾನೇ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಕೀ ನನ್ನ ಜೇಬಿನಲ್ಲೇ ಇತ್ತು.