ಯಮನ ಮೇಲೊಂದು ಕ್ಯಾಲೆಂಡರ್

ಸ್ಟಾಕ್‌ಹೋಮಿನ ಹೋತೋರ್ಯೆಟ್ ಚೌಕದಲ್ಲಿ ವಾರವೆಲ್ಲ ಹಣ್ಣು, ಹೂವು ಮಾರುತ್ತಾರೆ. ಭಾನುವಾರ ಮಾತ್ರ ಹಳೇ ಸಾಮಾನಿನ ಸಂತೆ. ಹಿಡಿ ಮುರಿದ ಕಾಫಿ ಜಗ್ಗು, ಯಾರದೋ ಅಜ್ಜಿಯ ಚಮಚ, ಅವುಗಳ ಅಡಿಯಲ್ಲಿ ಅಪರೂಪಕ್ಕೊಮ್ಮೆ ಹಳೇ ಸ್ವೀಡಿಷ್ ಸಿನಿಮಾದ ಪೋಸ್ಟರ್. ಅದಕ್ಕಾಗಿ ನಾನು ಚಳಿಯಲ್ಲಿ ನಡುಗುತ್ತಾ ರಾಶಿ ಕೆದಕುತ್ತಿರುತ್ತೇನೆ.

ಇದೊಂದು ಹುಚ್ಚು ಅಂತ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಅಷ್ಟಕ್ಕೇ ಸುಮ್ನಿದ್ದರೆ ಚೆನ್ನಾಗಿತ್ತು. ಸಹಾಯ ಮಾಡೋಕೆ ಬರ್ತಾರಲ್ಲ, ಅಲ್ಲಿಂದ ಶುರು ನೋಡಿ ತಾಪತ್ರಯ.

ನನ್ನ ಹುಟ್ಟುಹಬ್ಬಕ್ಕೆ ಗೆಳೆಯನೊಬ್ಬ ಫ್ರೇಮ್ ಹಾಕಿಸಿದ ಭಾರಿ ಪೋಸ್ಟರ್ ಹೊತ್ತು ತಂದ. ಬಿಚ್ಚಿದರೆ 'ಕಾಸಾಬ್ಲಾಂಕಾ'. "ಬರ್ಗ್‌ಮನ್ ಅಂದ್ರೆ ಪ್ರಾಣ ಬಿಡ್ತೀಯಲ್ಲ, ಅದಕ್ಕೇ ತಂದೆ" ಅಂದ. ನಾನು ಪ್ರಾಣ ಬಿಡುವುದು ನಿರ್ದೇಶಕ ಇಂಗ್ಮರ್ ಬರ್ಗ್‌ಮನ್‌ಗೆ. ಅವನು ತಂದಿದ್ದು ನಟಿ ಇಂಗ್ರಿಡ್ ಬರ್ಗ್‌ಮನ್. ಇಬ್ಬರೂ ನೆಂಟರೂ ಅಲ್ಲ. 1978ರ 'ಆಟಮ್ ಸೊನಾಟಾ'ದಲ್ಲಿ ಒಟ್ಟಿಗೆ ಕೆಲಸ ಮಾಡಿದ್ದಾರಲ್ಲ ಅಂತ ಸಮಾಧಾನ ಮಾಡಿಕೊಂಡು ಕಾಫಿ ಕೊಟ್ಟು ಕಳಿಸಿದೆ.

ಊರಿಂದ ಅಮ್ಮ ಬಂದ ಮೇಲೆ ಸಹಾಯ ಇನ್ನೂ ಜಾಸ್ತಿಯಾಯಿತು.

ಹಾಲ್‌ನಲ್ಲಿ ಇಂಗ್ಮರ್ ಬರ್ಗ್‌ಮನ್‌ರ 1957ರ ಸಿನಿಮಾ 'ದಿ ಸೆವೆಂತ್ ಸೀಲ್'ನ ಒಂದು ಸ್ಟಿಲ್ ಇದೆ. ಕಡಲ ದಂಡೆ. ಕಪ್ಪು ನಿಲುವಂಗಿ ತೊಟ್ಟು, ಮುಖಕ್ಕೆ ಸುಣ್ಣ ಬಳಿದಂತೆ ಕೂತಿರುವ ಸಾವು. ಎದುರಿಗೆ ಚೆಸ್ ಆಡುತ್ತಿರುವ ನಟ ಮ್ಯಾಕ್ಸ್ ವಾನ್ ಸಿಡೋ. ಅಮ್ಮನಿಗೆ ಉತ್ಸಾಹದಿಂದ ವಿವರಿಸಿದೆ. ಸ್ಟಿಲ್ ಅಂದ್ರೆ ರೀಲಿನಿಂದ ಕತ್ತರಿಸಿದ ತುಂಡಲ್ಲ ಕಣಮ್ಮ, ಸೆಟ್ಟಿನಲ್ಲಿ ಬೇರೆ ಫೋಟೋಗ್ರಾಫರ್ ಬೇರೆ ಕ್ಯಾಮೆರಾದಲ್ಲಿ ತೆಗೀತಿದ್ದ. ಥಿಯೇಟರಿನ ಹೊರಗೆ ಗಾಜಿನ ಪೆಟ್ಟಿಗೆಯಲ್ಲಿ ಚುಚ್ಚಿಡ್ತಿದ್ರು. ನೋಡು, ಮೂಲೆಯಲ್ಲಿ ಪಿನ್ನಿನ ತೂತು.

ಅಮ್ಮ ತೂತು ನೋಡಲಿಲ್ಲ. "ಯಮ ಅಂತೀಯ, ಕೋಣ ಎಲ್ಲೋ?" ಅಂದಳು.

ಮರುದಿನ ಯಮ ನಾಪತ್ತೆ. ಅದೇ ಮೊಳೆಗೆ ಊರಿಂದ ತಂದ ಕ್ಯಾಲೆಂಡರ್ ನೇತುಹಾಕಿದ್ದಳು. ಬಾಡಿಗೆ ಮನೆ, ಕಾಂಕ್ರೀಟ್ ಗೋಡೆ, ಇನ್ನೊಂದು ಮೊಳೆ ಹೊಡೆಯುವ ಮಾತೇ ಇಲ್ಲ. ಈಗ ರಾಹುಕಾಲದ ಹಿಂದೆ ಕೂತು ಸಾವು ಚೆಸ್ ಆಡುತ್ತಿದೆ.

ಯಮನ ಮೇಲಿನ ಅನುಮಾನ ಹೋಗಲಿ ಅಂತ 1921ರ 'ದಿ ಫ್ಯಾಂಟಮ್ ಕ್ಯಾರೇಜ್' ಕಥೆ ಹೇಳಿದೆ. (ಅದರ ಆಗಿನ ಕಾಲದ ಪೋಸ್ಟರ್ ಕೊಳ್ಳುವ ಯೋಗ್ಯತೆ ನನ್ನ ಸಂಬಳಕ್ಕಿಲ್ಲ, ಕಥೆ ಬಿಟ್ಟಿ.) ವರ್ಷದ ಕೊನೆಯ ರಾತ್ರಿ ಗಂಟೆ ಹನ್ನೆರಡು ಹೊಡೆಯುವಾಗ ಸತ್ತವನು ಮುಂದಿನ ಒಂದು ವರ್ಷ ಸಾವಿನ ಗಾಡಿ ಹೊಡೆಯಬೇಕು. ಸರ್ಕಾರಿ ನೌಕರಿಯಲ್ಲಿದ್ದು ರಿಟೈರ್ ಆದ ಅಮ್ಮ ಗಂಭೀರವಾಗಿ ಕೇಳಿದಳು: "ವರ್ಷಕ್ಕೊಬ್ಬನಾ? ಪರ್ಮನೆಂಟ್ ಮಾಡಲ್ವಾ?"

ಆ ಗಾಡಿಯ ಸಿನಿಮಾ ನಿರ್ದೇಶಿಸಿ, ನಟಿಸಿದ್ದು ವಿಕ್ಟರ್ ಶೋಸ್ತ್ರೋಮ್. ಅವರೇ ವಯಸ್ಸಾದ ಮೇಲೆ ಬರ್ಗ್‌ಮನ್‌ರ 'ವೈಲ್ಡ್ ಸ್ಟ್ರಾಬೆರೀಸ್'ನಲ್ಲಿ ಮುದುಕ ಪ್ರೊಫೆಸರ್ ಆದರು. ಅದರ ಪೋಸ್ಟರ್ ನನ್ನ ಹತ್ತಿರವಿರುವ ಆಸ್ತಿಗಳಲ್ಲೇ ದೊಡ್ಡದು. 70 ಸೆಂಟಿಮೀಟರ್ ಅಗಲ, 100 ಸೆಂಟಿಮೀಟರ್ ಉದ್ದ. ಆಗೆಲ್ಲ ಪೋಸ್ಟರುಗಳನ್ನು ಮಡಚಿಯೇ ಥಿಯೇಟರಿಗೆ ಕಳಿಸುತ್ತಿದ್ದರು. ಹಾಗಾಗಿ ಮೈತುಂಬ ಮಡಿಕೆ ಗೆರೆ.

ಒಂದು ಸಂಜೆ ಆಫೀಸಿನಿಂದ ಬಂದರೆ ಗೆರೆಗಳೆಲ್ಲ ಮಾಯ. ಟೇಬಲ್ ಮೇಲೆ ಪೋಸ್ಟರ್, ಅದರ ಮೇಲೆ ನನ್ನ ಪಂಚೆ, ಪಂಚೆ ಮೇಲೆ ಇಸ್ತ್ರಿ ಪೆಟ್ಟಿಗೆ. "ಎಷ್ಟು ಸುಕ್ಕಾಗಿತ್ತು ಗೊತ್ತಾ? ಪಾಪ, ಅವರೆಲ್ಲ ಎಷ್ಟು ಚೆನ್ನಾಗಿ ಕಾಣ್ತಾರೆ ಈಗ" ಅಂತ ಅಮ್ಮ ಬೆವರು ಒರೆಸಿಕೊಂಡಳು. ಪುಣ್ಯಕ್ಕೆ ಬಣ್ಣ ಹೋಗಿರಲಿಲ್ಲ.

ಸಂತೆಯಲ್ಲಿ ಪರಿಚಯದ ವ್ಯಾಪಾರಿಯೊಬ್ಬರಿದ್ದಾರೆ. ಆ ಭಾನುವಾರ ಪೋಸ್ಟರನ್ನೂ ಅಮ್ಮನನ್ನೂ ಕರೆದುಕೊಂಡು ಹೋದೆ. ಅವರು ಅಂಚು ಸವರಿದರು, ಬೆಳಕಿಗೆ ಹಿಡಿದರು. "ಚೆನ್ನಾಗಿದೆ. ಹೊಸ ಪ್ರಿಂಟ್ ಅಲ್ವಾ?" ಅಂದರು. ಹಳೆಯದಾದರೆ ಮಡಿಕೆ ಗೆರೆ ಇರಬೇಕಂತೆ, ಈಗಿನವು ಸುರುಳಿ ಸುತ್ತಿ ಬರುತ್ತವಂತೆ.

ಏನಂತೆ ಅಂತ ಅಮ್ಮ ಕೇಳಿದಳು. ಹೇಳಿದೆ.

"ಅಷ್ಟೇನಾ? ಕೊಡಿಲ್ಲಿ, ಮಡಚಿ ಕೊಡ್ತೀನಿ" ಅಂತ ಅಮ್ಮ ಅಲ್ಲೇ ಕೈ ಚಾಚಿದಳು.