ಫೈನ್ ಎಂದರೆ ಕ್ಷೇಮವೇ?

ಬಲ್ಗೇರಿಯಾದ ರಾಜಧಾನಿ ಸೋಫಿಯಾ ನಗರದ ನಡುವೆ, ಈಗ ಇತಿಹಾಸದ ವಸ್ತುಸಂಗ್ರಹಾಲಯವಾಗಿರುವ ಹಳೆಯ ಸ್ನಾನಗೃಹದ ಸಮೀಪ, ನೆಲದೊಳಗಿನ ಬಿಸಿನೀರು ಹರಿಯುವ ಸಾಲುನಲ್ಲಿಗಳಿವೆ. ಅಲ್ಲಿ ಕ್ಯಾನು ತುಂಬಿಸುತ್ತಿದ್ದ ನನ್ನ ನೆರೆಮನೆಯ ಅಜ್ಜಿಯನ್ನು ಪ್ರವಾಸಿಯೊಬ್ಬರು "ಇದು ಸ್ಪ್ರಿಂಗ್ ವಾಟರೇ?" ಎಂದು ಕೇಳಿದರಂತೆ. ಸ್ಪ್ರಿಂಗ್ ಎಂದರೆ ವಸಂತ, ಅಂದರೆ ತಮ್ಮ ‘ಪ್ರೊಲೆತ್’, ಎಂದು ಹಿಂದಿನ ವಾರವಷ್ಟೇ ನನ್ನಿಂದ ಕಲಿತಿದ್ದ ಅವರು, "ಇಲ್ಲ, ಚಳಿಗಾಲದಲ್ಲೂ ಬರುತ್ತದೆ" ಎಂದು ಅಭಿಮಾನದಿಂದ ಉತ್ತರಿಸಿದರು. ಅದೇ ಪದಕ್ಕೆ ‘ಇಜ್ವೊರ್’ ಎಂಬ ಚಿಲುಮೆಯ ಅರ್ಥವೂ, ಹಾಸಿಗೆಯೊಳಗಿನ ‘ಪ್ರುಝಿನಾ’ದ ಅರ್ಥವೂ ಉಂಟೆಂದು ನಾನು ಸಂಜೆ ತಿಳಿಸಿದಾಗ ಅವರು ಪೆನ್ನು ಕೆಳಗಿಟ್ಟು, "ಇಂಗ್ಲಿಷರಿಗೆ ಪದಗಳಿಗೂ ಬರಗಾಲವೇ?" ಎಂದರು.

ಬಲ್ಗೇರಿಯನ್ ಭಾಷೆಯಲ್ಲಿ ಅಜ್ಜಿಯೆಂದರೆ ‘ಬಾಬಾ’. ಗಡ್ಡವಿಲ್ಲದ ಈ ಬಾಬಾರಿಗೆ ‘ಗೆಟ್’ ಕಲಿಸಲು ಹೋಗಿ ನಾನು ಸೋತೆ. ಪಡೆಯಲು ‘ಪೊಲುಚಾವಮ್’, ತಲುಪಲು ‘ಸ್ತಿಗಮ್’, ಆಗಲು ‘ಸ್ತಾವಮ್’, ಅರ್ಥವಾಗಲು ‘ರಜ್ಬಿರಮ್’ ಎಂದು ಒಂದೊಂದಕ್ಕೂ ಬೇರೆ ಕ್ರಿಯಾಪದವಿಟ್ಟುಕೊಂಡವರು ‘ಐ ಗಾಟ್ ಓಲ್ಡ್’ ಎಂಬ ವಾಕ್ಯವನ್ನು ಓದಿ, "ಮುಪ್ಪು ಅಂಚೆಯಲ್ಲಿ ಬಂತೇ?" ಎಂದು ಕೇಳಿದರು. 1989ರ ಆಕ್ಸ್‌ಫರ್ಡ್ ನಿಘಂಟು ‘ಸೆಟ್’ ಕ್ರಿಯಾಪದಕ್ಕೆ 430 ಅರ್ಥಗಳನ್ನು ಕೊಟ್ಟಿರುವ ವಿಷಯವನ್ನು ನಾನು ಬಾಯಿ ಬಿಡಲಿಲ್ಲ. ಬದಲಿಗೆ, ಅವರ ‘ಸಿನ್’ ಮಗನೂ ಹೌದು, ನೀಲಿ ಬಣ್ಣವೂ ಹೌದಲ್ಲವೇ ಎಂದು ಕೆಣಕಿದೆ. "ಮಗನನ್ನೂ ಬಣ್ಣವನ್ನೂ ಯಾವ ತಾಯಿ ಬೆರೆಸಿಕೊಳ್ಳುತ್ತಾಳೆ?" ಎಂಬ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರ ‘ರಕಾ’ ನಮ್ಮ ‘ಕೈ’ಯಂತೆಯೇ ಬೆರಳತುದಿಯಿಂದ ಹೆಗಲಿನವರೆಗೂ ಚಾಚಿಕೊಳ್ಳುವುದರಿಂದ, ‘ಹ್ಯಾಂಡ್’ ಎಲ್ಲಿ ಮುಗಿದು ‘ಆರ್ಮ್’ ಎಲ್ಲಿ ಆರಂಭವಾಗುತ್ತದೆ ಎಂಬಲ್ಲಿ ಮಾತ್ರ ಗುರುವೂ ಶಿಷ್ಯೆಯೂ ಸಮಾನ ದುಃಖಿಗಳು.

ನನ್ನ ಗುರುತನಕ್ಕೆ ಕೊನೆಯ ಪೆಟ್ಟು ಬಿದ್ದದ್ದು ಟ್ರಾಮಿನಲ್ಲಿ. ಆಗೆಲ್ಲ ಕಾಗದದ ಟಿಕೆಟನ್ನು ಕಿಟಕಿಯ ಬಳಿಯ ಯಂತ್ರಕ್ಕೆ ತೂರಿಸಿ ನಾವೇ ತೂತು ಹಾಕಿಕೊಳ್ಳಬೇಕಿತ್ತು, ನಾನು ಮರೆತಿದ್ದೆ. ತನಿಖೆಗೆ ಬಂದ ಹೆಂಗಸು ತೂತಿಲ್ಲದ ನನ್ನ ಟಿಕೆಟನ್ನು ತಿರುಗಿಸಿ ಮುರುಗಿಸಿ ನೋಡಿ, ಬಹಳ ಸೌಜನ್ಯದಿಂದ "ಫೈನ್" ಎಂದರು. ಎಷ್ಟು ಒಳ್ಳೆಯವರೆಂದುಕೊಂಡು ನಾನು "ಥ್ಯಾಂಕ್ ಯೂ" ಎಂದು ಹೇಳಿ ಕಿಟಕಿಯತ್ತ ತಿರುಗಿದೆ. ಅವರು ಕದಲದೆ, ಸ್ವಲ್ಪ ಜೋರಾಗಿ ಮತ್ತೊಮ್ಮೆ "ಫೈನ್!" ಎಂದಾಗ, ಕ್ಷೇಮಸಮಾಚಾರ ವಿಚಾರಿಸುತ್ತಿರಬಹುದೆಂದು "ಐ ಆಮ್ ಆಲ್ಸೋ ಫೈನ್" ಎಂದೆ. ಅವರು ರಸೀದಿ ಪುಸ್ತಕವನ್ನು ಹೊರತೆಗೆದ ಬಳಿಕವಷ್ಟೇ ಆ ಪದದ ಎರಡನೆಯ ಅರ್ಥ ನನಗೆ ಹೊಳೆಯಿತು.

ಬಾಬಾ ಎಲ್ಲವನ್ನೂ ಕೇಳಿ, ‘ಗ್ಲೋಬಾ’ ಎಂದರೆ ದಂಡ ಎಂದು ನನಗೇ ಪಾಠ ಹೇಳಿ, ರಸೀದಿಯನ್ನು ಕೇಳಿ ಪಡೆದು, ತಮ್ಮ ನೋಟ್‌ಬುಕ್ಕಿನ ‘ಫೈನ್’ ಪುಟದಲ್ಲಿ ಉದಾಹರಣೆಯಾಗಿ ಅಂಟಿಸಿಕೊಂಡರು.