ಸ್ಪಷ್ಟನೆ: ಮೆಕ್ವೀನ್ ಸೇಂಟ್ ಮಾರ್ಟಿನ್ಸ್ ಕಾಲೇಜಿನಲ್ಲಿ ಮೇಷ್ಟ್ರಾಗಿರಲಿಲ್ಲ

ಬ್ರಿಟಿಷ್ ಫ್ಯಾಷನ್ ಡಿಸೈನರ್ ಅಲೆಕ್ಸಾಂಡರ್ ಮೆಕ್ವೀನ್ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಾಲೇಜಿನ ಎಂಎ ಫ್ಯಾಷನ್ ಕೋರ್ಸಿನಲ್ಲಿ ಪಾಠ ಮಾಡುತ್ತಿದ್ದರು ಎಂಬ ಮೆಸೇಜ್ ಓಡಾಡುತ್ತಿದೆ. ನಾನೂ ಅದನ್ನು ಹಂಚಿದ್ದೆ. ಅದು ತಪ್ಪು.

ಪ್ಯಾಟರ್ನ್ ಕಟಿಂಗ್ (ಬಟ್ಟೆ ಕತ್ತರಿಸಲು ಅಳತೆಯ ನಮೂನೆ ತಯಾರಿಸುವುದು) ಕಲಿಸುವ ಕೆಲಸ ಕೇಳಿಕೊಂಡು ಅವರು ಅಲ್ಲಿಗೆ ಹೋಗಿದ್ದು ನಿಜ. ಕೈಯಲ್ಲಿ ಕಸುಬಂತೂ ಇತ್ತು. ಹದಿಹರೆಯದಲ್ಲೇ ಲಂಡನ್ನಿನ ಹೆಸರಾಂತ ದರ್ಜಿ ಬೀದಿ ಸ್ಯಾವಿಲ್ ರೋನ ದರ್ಜಿಗಳ ಹತ್ತಿರ ಕೋಟು ಹೊಲಿಯಲು ಕಲಿತವರು, ಮಿಲಾನಿನಲ್ಲಿ ಡಿಸೈನರ್ ರೋಮಿಯೋ ಜಿಲಿ ಬಳಿ ದುಡಿದವರು. ಆದರೆ ಕೋರ್ಸಿನ ಮುಖ್ಯಸ್ಥೆ ಬಾಬಿ ಹಿಲ್ಸನ್ ಕೊಟ್ಟಿದ್ದು ಕೆಲಸ ಅಲ್ಲ, ವಿದ್ಯಾರ್ಥಿಯ ಸೀಟು. ಹಿಲ್ಸನ್ ಅವರೇ ಸಂದರ್ಶನಗಳಲ್ಲಿ ಇದನ್ನು ಹೇಳಿದ್ದಾರೆ. 1992ರಲ್ಲಿ ಮೆಕ್ವೀನ್ ಎಂಎ ಮುಗಿಸಿದರು.

ಫ್ಯಾಷನ್ ಉದ್ಯಮದಲ್ಲೂ ದುಡಿದು ಅಲ್ಲಿ ಪಾಠವನ್ನೂ ಮಾಡಿದವರ ಉದಾಹರಣೆ ಬೇಕಿದ್ದರೆ, ಅದು ಲೂಯಿಸ್ ವಿಲ್ಸನ್ ಎಂಬ ಶಿಕ್ಷಕಿ. ಆಮೇಲೆ ಅದೇ ಕೋರ್ಸ್ ನಡೆಸಿದ ಅವರು ನ್ಯೂಯಾರ್ಕಿನಲ್ಲಿ ಡೋನಾ ಕರನ್ ಫ್ಯಾಷನ್ ಕಂಪನಿಯಲ್ಲೂ ಕೆಲಸ ಮಾಡಿದ್ದರು.

ಹಳೇ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅಳಿಸಿಬಿಡಿ.